ಪೋಲಂಡಿಗೆ ಹೋದ ಸೆರಗು

ಗದ್ವಾಲದ ಮಗ್ಗದವರ ಓಣಿಯಲ್ಲಿ ಶ್ರೀರಾಮುಲುವಿನ ಹೆಸರು ಕೇಳದ ಕಿವಿಯಿರಲಿಲ್ಲ. ಬೇರೆಯವರಿಗಿಂತ ಹೆಚ್ಚು ಅವನೇ ಅದನ್ನು ಹೇಳಿಕೊಳ್ಳುತ್ತಿದ್ದ. ತಾನು ನೇಯ್ದ ಸೀರೆ ಹೈದರಾಬಾದಿನ ಯಾವ ಮದುವೆಯಲ್ಲಿ ಯಾರ ಮೈಮೇಲಿತ್ತು ಎಂದು ಚಿನ್ನಯ್ಯನ ಚಹಾದಂಗಡಿಯಲ್ಲಿ ಕುಳಿತು ದಿನಕ್ಕೆರಡು ಸಲ ವರ್ಣಿಸುತ್ತಿದ್ದ. ಅಷ್ಟು ಹೊತ್ತೂ ಮನೆಯಲ್ಲಿ ಮಗ್ಗವೇನು ಸುಮ್ಮನಿರುತ್ತಿತ್ತೇ? ಹೆಂಡತಿ ಜೋಗಮ್ಮ ಮಗ್ಗದ ಕುಣಿಗಿಳಿದು ಲಾಳಿ ಹೊಡೆಯುತ್ತಿದ್ದಳು. ಅವನ ಹೆಸರಿನ ಸೀರೆಗಳಲ್ಲಿ ಅರ್ಧಕ್ಕರ್ಧ ಅವನು ಚಹಾ ಕುಡಿಯುವಾಗ ಬೆಳೆದವು. ಓಣಿಯಲ್ಲಿ ಯಾರೂ ಈ ಮಾತೆತ್ತುತ್ತಿರಲಿಲ್ಲ, ಎಲ್ಲರ ಮನೆಯದೂ ಅದೇ ಕಥೆ.

ಗದ್ವಾಲ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಒಂದೊಂದು ಹತ್ತಿ ಎಳೆಗೂ ಸೆರಗಿನ ಒಂದೊಂದು ರೇಷ್ಮೆ ಎಳೆಯನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಕೂಡಿಸಬೇಕು. ಇಪ್ಪತ್ತೇಳು ವರ್ಷದಿಂದ ಅದು ಜೋಗಮ್ಮನ ಪಾಲಿನದು. ಶ್ರೀರಾಮುಲು ಮಾತ್ರ ಅದನ್ನು ಕೆಲಸದ ಲೆಕ್ಕಕ್ಕೇ ಹಿಡಿದವನಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಹೆಂಗಸರು ಹೇಗೂ ಮಾಡುತ್ತಾರೆ ಎಂದುಕೊಂಡಿದ್ದ.

ಜೋಗಮ್ಮನ ಅಣ್ಣನ ಮಗ ಪ್ರವೀಣ್ ಕುಮಾರ್ ಮಕ್ತಲದವನು. ಪೋಲಂಡ್ ದೇಶದ ಒಂದು ಸಣ್ಣ ಊರಿನ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಹಿಡಿದಿದ್ದ. ಆ ಊರಿಗೊಂದು ಫುಟ್‌ಬಾಲ್ ಕ್ಲಬ್ಬು, ಅದರಲ್ಲಿ ಗಂಡಸರದೊಂದು ತಂಡ, ಹೆಂಗಸರದೊಂದು ತಂಡ. ಮೈದಾನ ಒಂದೇ, ಬಸ್ಸು ಒಂದೇ. ಕ್ಲಬ್ಬಿನ ಹೆಸರು ಗದ್ವಾಲದ ಯಾವ ನಾಲಿಗೆಗೂ ಹೊರಳದೆ, ಎಲ್ಲರ ಬಾಯಲ್ಲಿ ಅದು 'ಪೋಲಂಡ್ ಟೀಮು' ಆಯಿತು. ಚಳಿಗೆ ಪ್ರವೀಣ ಕೊರಳಿಗೆ ಸುತ್ತಿಕೊಂಡು ಹೋಗಿದ್ದ ಗದ್ವಾಲದ ಶಾಲು ಕ್ಲಬ್ಬಿನವರ ಕಣ್ಣಿಗೆ ಬಿತ್ತು. ಕ್ಲಬ್ಬಿಗೆ ಎಪ್ಪತ್ತೈದು ವರ್ಷ ತುಂಬುವ ಹಬ್ಬಕ್ಕೆ ತಂಡಕ್ಕೆ ಹನ್ನೊಂದರಂತೆ ಅಂಥವೇ ಶಾಲು ಬೇಕು, ಕೆಂಪು ಸೆರಗಿನಲ್ಲಿ ನೇಯ್ದವರ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಇರಬೇಕು ಎಂದರು.

ಹೆಸರು ಅಂದದ್ದೇ ತಡ, ಶ್ರೀರಾಮುಲುವಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಲ್ಲಿಯ ಜನ ಶಾಲನ್ನು ಕೊರಳಿಗೆ ಹಾಕಿಕೊಳ್ಳುವುದಷ್ಟೇ ಅಲ್ಲ, ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಜಗ್ಗಿ ಹಿಡಿಯುತ್ತಾರೆ, ಗಟ್ಟಿ ಇರಬೇಕು ಮಾಮಾ ಎಂದು ಪ್ರವೀಣ ಫೋನಿನಲ್ಲಿ ಮೂರು ಸಲ ಹೇಳಿದ. ಶ್ರೀರಾಮುಲು ಕೇಳಿದ್ದು ಮೈದಾನದಲ್ಲಿ ಎಷ್ಟು ಮಂದಿ ಕೂಡುತ್ತಾರೆ, ಅಷ್ಟು ದೂರಕ್ಕೆ ಅಕ್ಷರ ಕಾಣಬೇಕಾದರೆ ಎಷ್ಟು ಎತ್ತರ ಇರಬೇಕು ಎಂದು.

ಆಮೇಲೆ ಪ್ರವೀಣ ಇನ್ನೊಂದು ಮಾತು ಹೇಳಿದ. ಹೆಂಗಸರ ತಂಡದಲ್ಲಿ ಗೋಲು ಕಾಯುವವಳು ಮನೆಮನೆಗೆ ಅಂಚೆ ಹಂಚುವ ಹೆಣ್ಣುಮಗಳಂತೆ. ನಮ್ಮ ಹನ್ನೊಂದರಲ್ಲಿ ನೇಯ್ಗೆಯವಳೊಬ್ಬಳ ಹೆಸರಿರಲಿ ಎಂದು ಹಟ ಹಿಡಿದಿದ್ದಾಳಂತೆ. ಬಾಗಿಲಲ್ಲಿ ನಿಂತು ಫೋನಿನ ಸ್ಪೀಕರಿನಲ್ಲಿ ಎಲ್ಲ ಕೇಳುತ್ತಿದ್ದ ಜೋಗಮ್ಮ, ಹಾಗಾದರೆ ನನ್ನದೇ ಹಾಕಬಹುದಲ್ಲ ಎಂದಳು. ರೇಷನ್ ಕಾರ್ಡು ಬಿಟ್ಟರೆ ತನ್ನ ಹೆಸರನ್ನು ಅವಳು ಬೇರೆಲ್ಲೂ ನೋಡಿದವಳಲ್ಲ.

ಶ್ರೀರಾಮುಲು ನಕ್ಕುಬಿಟ್ಟ. "ಎಳಿ ಕೂಡ್ಸೋರ ಹೆಸರು ಸೆರಗಿನ್ಯಾಗ ಬರಂಗಿಲ್ಲ. ಅದೇನಿದ್ರೂ ನೇಯೋರದು."

"ಹಂಗಾದ್ರ ಆ ಹನ್ನೊಂದೂ ನಾನ ನೇಯ್ತೀನಿ ಬಿಡ್ರಿ," ಎಂದಳು ಜೋಗಮ್ಮ.

ಫೋನಿನ ಆ ಕಡೆಯಿಂದ ಪ್ರವೀಣ "ಆತು ಅತ್ತಿ" ಎಂದು ಇಟ್ಟೇಬಿಟ್ಟ. ಶ್ರೀರಾಮುಲುವಿನ ಮುಖ ಹರಳೆಣ್ಣೆ ಕುಡಿದಂತಾಯಿತು. ಸೋತೆನೆಂದು ಒಪ್ಪುವ ಜಾತಿಯಲ್ಲ ಅವನದು. ಅಲ್ಲಿಯವರು ಗಂಡಸರು ಹೆಂಗಸರು ಅಂತ ಬೇರೆಬೇರೆ ತಂಡ ಮಾಡಿದ್ದಾರೆಂದರೆ ಏನೋ ಮಡಿ ಇರಬೇಕು, ಗಂಡಸರ ಶಾಲಿಗೆ ಹೆಂಗಸಿನ ಬೆರಳು ಸೋಕಿದರೆ ಗೋಲು ಬೀಳುವುದಿಲ್ಲ ಎಂದು ಆ ಕ್ಷಣದಲ್ಲೇ ಒಂದು ಶಾಸ್ತ್ರ ಹುಟ್ಟಿಸಿದ. ನನ್ನ ಹನ್ನೊಂದನ್ನು ನೀನು ಮುಟ್ಟಕೂಡದು ಎಂದ. ಜೋಗಮ್ಮ ಪಕ್ಕದ ಮನೆಯ ನವನೀತಾಳ ಖಾಲಿ ಮಗ್ಗಕ್ಕೆ ಹೋದಳು. ಎಳೆ ಕೂಡಿಸಲು ನವನೀತಾ ಜೊತೆಗೆ ಕೂತಳು.

ಶ್ರೀರಾಮುಲು ನಾರಾಯಣಪೇಟೆಯಿಂದ ಗೆಳೆಯ ಬಾಲರಾಜನನ್ನು ಕರೆಸಿದ. ಬಾಲರಾಜನೂ ಜಂಬದಲ್ಲಿ ಕಡಿಮೆಯವನಲ್ಲ. ಮಗ್ಗಕ್ಕೆ ಒಮ್ಮೆ ಕಟ್ಟಿದ ಹಾಸಿನ ಮೇಲೆ ಸಾಲಾಗಿ ಎಂಟು ಸೀರೆ ಇಳಿಸುತ್ತೇವೆ ಎಂದು ಬಂದವನೇ ಶುರುಮಾಡಿದ. ಅದು ನಿಜ. ಆದರೆ ನಾರಾಯಣಪೇಟೆ ಸೀರೆಯಲ್ಲಿ ಸೆರಗನ್ನು ಬೇರೆ ಕೂಡಿಸುವುದೇ ಇಲ್ಲ. ಎಳೆ ಹೊಸೆಯುವ ಕೆಲಸ ಎದುರಿಗೆ ಬಂದಾಗ ಅವನು ಶ್ರೀರಾಮುಲುವಿನ ಮುಖ ನೋಡಿದ, ಶ್ರೀರಾಮುಲು ಅವನ ಮುಖ ನೋಡಿದ. ನಾನು ನೇಯಲು ಬಂದವನು, ಹೆಂಗಸರ ಕೆಲಸಕ್ಕಲ್ಲ ಎಂದ ಬಾಲರಾಜ. ಕೂರುವವರು ಯಾರು ಎಂಬ ಜಗಳದಲ್ಲೇ ಎರಡು ದಿನ ಹೋಯಿತು. ಕೊನೆಗೆ ಇಬ್ಬರೂ ಕೂತರು. ಒಂದು ಶಾಲಿಗೆ ಏಳುನೂರು ಎಳೆ. ನೂರು ದಾಟುವಷ್ಟರಲ್ಲಿ ಬೆರಳು ಸೆಟೆದು, ಕಣ್ಣಲ್ಲಿ ನೀರಿಳಿದು, ಉಳಿದದ್ದಕ್ಕೂ ಮಿಕ್ಕ ಹತ್ತು ಶಾಲಿಗೂ ಗೋಂದು ಹಚ್ಚಿ ಮೆತ್ತಿದರು. ಮೇಲ್ನೋಟಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ, ಹೊಳಪು ಸ್ವಲ್ಪ ಹೆಚ್ಚೇ ಇತ್ತು.

ಶಾಲು ಮಡಿಸುವ ದಿನ ಜೋಗಮ್ಮ ದೂರದಿಂದಲೇ ನೋಡಿ, ಕೂಡಿಸಿದ ಕಡೆ ಒಮ್ಮೆ ಜಗ್ಗಿ ನೋಡಿ ಕಳಿಸಿರಿ ಎಂದಳು. ಮುಟ್ಟಬೇಡ ಎಂದು ಶ್ರೀರಾಮುಲು ಪೆಟ್ಟಿಗೆಯ ಮುಚ್ಚಳ ಹಾಕಿದ.

ಹಬ್ಬದ ದಿನ ಸಂಜೆ ನಾಲ್ಕೂವರೆಗೆ ಚಿನ್ನಯ್ಯನ ಅಂಗಡಿಯಲ್ಲಿ ಮೊಬೈಲಿನ ಸುತ್ತ ಇಡೀ ಓಣಿ ಸೇರಿತ್ತು. ಶ್ರೀರಾಮುಲುವೇ ಎಲ್ಲರನ್ನೂ ಕರೆದು, ಇಸ್ತ್ರಿ ಅಂಗಿ ತೊಟ್ಟು ನಡುವೆ ಕೂತಿದ್ದ. ಗಂಡಸರ ತಂಡ ಹೊರಬಂತು. ಹನ್ನೊಂದು ಜನ ಸಾಲಾಗಿ ನಿಂತು, ಶಾಲನ್ನು ತಲೆಯ ಮೇಲೆತ್ತಿ, ಉಕ್ಕಿನಂಥ ತೋಳುಗಳಿಂದ ಜಗ್ಗಿದರು. ಹನ್ನೊಂದು ಸೆರಗೂ ಒಟ್ಟಿಗೆ ಕಿತ್ತು ಬಂದವು. ಒಂದು ಕೈಯಲ್ಲಿ ಬಿಳಿ ಒಡಲು, ಇನ್ನೊಂದು ಕೈಯಲ್ಲಿ ಕೆಂಪು ತುಂಡು. ಕ್ಯಾಮೆರಾ ಆ ತುಂಡಿನ ಹತ್ತಿರಕ್ಕೇ ಹೋಯಿತು. ವರದಿ ಹೇಳುವವನು ನಗು ತಡೆಯಲಾರದೆ ಅದರ ಮೇಲಿದ್ದ ಹೆಸರನ್ನು ಓದಿದ. ಅವನ ಅಷ್ಟೂ ಮಾತಿನಲ್ಲಿ ಗದ್ವಾಲದವರಿಗೆ ಅರ್ಥವಾದದ್ದು 'ಶ್ರೀರಾಮುಲು' ಒಂದೇ.

ಹಿಂದೆಯೇ ಹೆಂಗಸರ ತಂಡ ಬಂತು. ಅಂಚೆಯ ಹೆಣ್ಣುಮಗಳು ಬೇಕೆಂದೇ ಇನ್ನೂ ಜೋರಾಗಿ ಜಗ್ಗಿದಳು. ಜೋಗಮ್ಮನ ಹೆಸರು ಬಿಗಿಯಾಗಿ, ನೆಟ್ಟಗೆ ನಿಂತಿತು. ಅಂಗಡಿಯ ಮೂಲೆಯಲ್ಲಿ ನಿಂತಿದ್ದ ಜೋಗಮ್ಮ ಕಣ್ಣು ಒರೆಸಿಕೊಂಡಳು. ಆ ದಿನ ಹೆಂಗಸರು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಗಂಡಸರು ಮೂರು ಗೋಲು ತಿಂದರು. ಅದನ್ನೂ ಚಿನ್ನಯ್ಯ ಶ್ರೀರಾಮುಲುವಿನ ತಲೆಗೇ ಕಟ್ಟಿದ.

ವಾರ ಕಳೆದ ಮೇಲೆ ಪ್ರವೀಣ ಫೋನ್ ಮಾಡಿದ. ಗಂಡಸರಿಗೂ ಹೊಸದಾಗಿ ಹನ್ನೊಂದು ಶಾಲು ಬೇಕು, ಆದರೆ ಎಲ್ಲದರಲ್ಲೂ ಅತ್ತಿಯ ಹೆಸರೇ ಇರಬೇಕು ಎಂದ. ಶ್ರೀರಾಮುಲು ಅಂಗಡಿಗೆ ಹೋಗಿ, ಕೆಲಸ ನಮ್ಮ ಮನೆಗೇ ಬಂತು ನೋಡಿ, ಅವಳಿಗೆ ಕಲಿಸಿದ್ದೇ ನಾನು ಎಂದು ಕೊಚ್ಚಿಕೊಂಡ. ಯಾರೂ ಚಹಾದ ಲೋಟದಿಂದ ತಲೆ ಎತ್ತಲಿಲ್ಲ.

ಮನೆಗೆ ಬಂದರೆ ಜೋಗಮ್ಮ ಆಗಲೇ ಕುಣಿಯಲ್ಲಿ ಕೂತಿದ್ದಳು. ನವನೀತಾ ಊರಿಗೆ ಹೋಗಿದ್ದಳು, ಎಳೆ ಕೂಡಿಸಲು ಬೇರೆ ಯಾರೂ ಇರಲಿಲ್ಲ. ಬೂದಿಯ ಬಟ್ಟಲನ್ನು ಅವಳು ಗಂಡನ ಮುಂದೆ ಸರಿಸಿದಳು. ಅವನು ಕೂತ. ನಾಲ್ಕೆಂಟು ಎಳೆ ಹೊಸೆದು, ನಿನ್ನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಾದರೂ ನನ್ನದೂ ಇರಬಹುದಲ್ಲ ಎಂದು ಮೆಲ್ಲಗೆ ಕೇಳಿದ.

"ಎಳಿ ಕೂಡ್ಸೋರ ಹೆಸರು ಸೆರಗಿನ್ಯಾಗ ಬರಂಗಿಲ್ಲರೀ," ಎಂದಳು ಜೋಗಮ್ಮ. "ಬೂದಿ ಭಾಳ ಹಚ್ಚಬ್ಯಾಡ್ರಿ, ಜಾರತೈತಿ."

ಆ ದಿನ ಕತ್ತಲಾಗುವಷ್ಟರಲ್ಲಿ ಅವನು ನಲವತ್ತು ಎಳೆ ಕೂಡಿಸಿದ. ಜೋಗಮ್ಮ ಒಂದೊಂದನ್ನೂ ಜಗ್ಗಿ ನೋಡಿ ಮೂವತ್ತೆಂಟನ್ನು ಬಿಚ್ಚಿಸಿದಳು.