ಪಟ್ಟೆಮೀನಿನ ಸಾರು

ಇಕ್ರಾಮ್ ಗಾಳ ಹೊತ್ತು ಹೊರಟನೆಂದರೆ ಸಂಜೆಗೆ ಮೊಟ್ಟೆ ಸಾರೇ ಗತಿ ಎಂದು ಮೆಹ್ನಾಜ್ ಈರುಳ್ಳಿ ಹೆಚ್ಚಿಡುತ್ತಿದ್ದಳು. ಪರದೇಶದ ಊರಾದ ಒನೆಹುಂಗಾದ ಗ್ಯಾರೇಜೊಂದರಲ್ಲಿ ವಾರವಿಡೀ ಕಾರುಗಳ ನಗ್ಗು ತೆಗೆಯುವ ಅವಳ ಗಂಡನಿಗೆ ಮೀನು ಹಿಡಿಯುವ ಹುಚ್ಚಿತ್ತು, ಹಿಡಿಯುವ ಕೈ ಇರಲಿಲ್ಲ. ಬರಿಗೈಯಲ್ಲಿ ಬಂದರೂ ಬಾಯಿ ಮಾತ್ರ ತುಂಬಿರುತ್ತಿತ್ತು. ಇಷ್ಟುದ್ದದ್ದು ಕಚ್ಚಿತ್ತು, ಅಷ್ಟುದ್ದದ್ದು ದಾರ ಹರಿದುಕೊಂಡು ಹೋಯಿತು, ಪಕ್ಕದಲ್ಲಿದ್ದ ಮುದುಕ ಕೆಮ್ಮಿ ಎಲ್ಲವನ್ನೂ ಓಡಿಸಿಬಿಟ್ಟ. ಮೆಹ್ನಾಜ್ ಹೂಂ ಹೂಂ ಎನ್ನುತ್ತ ಮೊಟ್ಟೆ ಒಡೆಯುತ್ತಿದ್ದಳು.

ಎರಡು ಸಾವಿರದ ಆರರ ಬೇಸಿಗೆಯ ಆ ಭಾನುವಾರ ಮಾತ್ರ ಅವನು ಮಧ್ಯಾಹ್ನಕ್ಕೇ ಬಂದ. ಬಕೆಟ್ಟು ತುಂಬಿತ್ತು, ಬಾಯಿ ಖಾಲಿಯಿತ್ತು. ಅಡುಗೆಮನೆಯ ನೆಲದ ಮೇಲೆ ಬಕೆಟ್ಟಿಟ್ಟು ಸೀದಾ ಸ್ನಾನಕ್ಕೆ ಹೋದ.

ಮೆಹ್ನಾಜ್ ಬಗ್ಗಿ ನೋಡಿದಳು. ಹಸಿರು ಮೈ, ಬೆನ್ನಿನಿಂದ ಹೊಟ್ಟೆಗೆ ಇಳಿದ ಕಪ್ಪು ಪಟ್ಟೆಗಳು, ಕೆಂಪು ರೆಕ್ಕೆ. ಒಂದೊಂದೂ ಕೊಬ್ಬಿ ಉಬ್ಬಿತ್ತು. ಮೂಸಿದಳು. ಉಪ್ಪಿನ ವಾಸನೆಯಿಲ್ಲ, ಕೆಸರಿನ ವಾಸನೆ. ಹೊಳೆಮೀನು! ಹರಿಹರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಹುಟ್ಟಿ ಬೆಳೆದವಳಿಗೆ ಈ ದೇಶದ ಅಂಗಡಿಗಳಲ್ಲಿ ಸಿಗುವುದೆಲ್ಲ ಸಮುದ್ರದ ಮೀನೇ ಎಂಬುದು ಬಂದ ವರ್ಷದಿಂದಲೂ ಇದ್ದ ಕೊರಗು. ಖುಷಿಗೆ ಅವಳ ಕಣ್ಣಲ್ಲಿ ನೀರು ಬಂತು.

"ಇದಕ್ಕ ಇಲ್ಲಿ ಪರ್ಚ್ ಅಂತಾರ," ಎಂದ ಇಕ್ರಾಮ್, ತಲೆ ಒರೆಸಿಕೊಳ್ಳುತ್ತ.

"ಇಷ್ಟೆಲ್ಲ ಹೆಂಗ್ ಹಿಡಿದ್ರೀ?"

"ಸಿಕ್ವು," ಎಂದವನೇ ಹೋಗಿ ಮಲಗಿಬಿಟ್ಟ. ಮೆಹ್ನಾಜಳಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಹಿಡಿಯದ ಮೀನಿನ ಕತೆಯನ್ನು ಗಂಟೆಗಟ್ಟಲೆ ಹೇಳುವವನು ಹಿಡಿದ ಮೀನಿಗೆ ಒಂದೇ ಮಾತಾಡಿದ್ದ. ಆದರೆ ಅವಳ ಜೀವವೆಲ್ಲ ಆಗಲೇ ಹುಣಸೆಹಣ್ಣಿನ ಡಬ್ಬದಲ್ಲಿತ್ತು.

ಅಂದು ಅಡುಗೆಯಾಗಲಿಲ್ಲ. ಸಂಜೆ ಪಕ್ಕದ ರಂಗಿ ಆಂಟಿಯ ಮನೆಯ ಮುಂದೆ ಒಂದರ ಹಿಂದೊಂದು ಕಾರುಗಳು ನಿಂತವು. ಕಪ್ಪು ಬಟ್ಟೆಯ ಹೆಂಗಸರು ಇಳಿದು, ಬಾಗಿಲಲ್ಲೇ ಒಬ್ಬರ ಹಣೆಗೆ ಒಬ್ಬರು ಹಣೆ ಒತ್ತಿ ಅತ್ತರು. ಬೇಲಿಯ ಹತ್ತಿರ ಸಿಗರೇಟು ಸೇದುತ್ತಿದ್ದವಳನ್ನು ಕೇಳಿದರೆ, ಮೊಮ್ಮಗ ತಾಮಾ ಹೋಗಿಬಿಟ್ಟ, ಅಪಘಾತ, ಎಂದಷ್ಟೇ ಹೇಳಿದಳು. ಅಪಘಾತವೆಂದರೆ ಕಾರಿನದೇ ಇರಬೇಕೆಂದು ಮೆಹ್ನಾಜ್ ತಿಳಿದಳು. ಆ ಹುಡುಗ ಕಾರು ಓಡಿಸುತ್ತಿದ್ದ ರೀತಿಗೆ ಬೇರೆ ಯಾವುದೂ ಅವಳ ತಲೆಗೆ ಹೊಳೆಯಲಿಲ್ಲ.

ರಂಗಿ ಆಂಟಿಯ ಪೂರ್ತಿ ಹೆಸರು ರಂಗಿಮಾರಿಯೆ. ಈ ದೇಶದ ಮೂಲನಿವಾಸಿಗಳಾದ ಮಾವೊರಿ ಜನರ ಹೆಂಗಸು, ಎಪ್ಪತ್ತು ದಾಟಿದವಳು. ಗಾಳಿಗೆ ಹಾರಿಹೋದ ಮೆಹ್ನಾಜಳ ದುಪಟ್ಟಾ ಹಿಡಿದು ಬೇಲಿ ದಾಟಿ ಬಂದವಳು, ಆಮೇಲೆ ಬರುತ್ತಲೇ ಇದ್ದಳು. ಮೆಹ್ನಾಜ್ ನ್ಯುಮೋನಿಯಾ ಆಗಿ ಮಲಗಿದಾಗ ಬಟ್ಟಲು ಹಿಡಿದು ಗಂಜಿ ಕುಡಿಸಿದವಳು ಅವಳೇ. ಈ ದೇಶದಲ್ಲಿ ಮೆಹ್ನಾಜಳಿಗೆ ತಾಯಿ ಅಂತ ಇದ್ದರೆ ರಂಗಿ ಆಂಟಿ. ತಾಯಿಯಿಲ್ಲದ ತಾಮಾನನ್ನು ಸಾಕಿದವಳೂ ಅವಳೇ. ಮೆಹ್ನಾಜಳ ಸಮೋಸಾ ವಾಸನೆಗೆ ಬೇಲಿಯ ಮೇಲೆ ತಲೆ ಹಾಕಿ "ಆಂಟಿ, ಖಾರ ಕಮ್ಮಿ ಇದೆಯಾ?" ಎಂದು ಕೇಳುತ್ತಿದ್ದ ಹುಡುಗ ಇನ್ನಿಲ್ಲವೆಂದರೆ ಹೇಗೆ ನಂಬುವುದು!

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚಬಾರದು, ಅಕ್ಕಪಕ್ಕದವರೇ ಅಡುಗೆ ಕಳಿಸಬೇಕು. ಮೆಹ್ನಾಜಳ ಅಮ್ಮ ಓಣಿಯ ಯಾವ ಮನೆಯಲ್ಲಿ ಸಾವಾದರೂ, ಜಾತಿ ಕೇಳದೆ, ದೊಡ್ಡ ಡೇಗು ಹೊರಗೆ ತೆಗೆಯುತ್ತಿದ್ದಳು. ಮಗಳಿಗೆ ಬೇರೆ ಯೋಚನೆಯೇ ಬರಲಿಲ್ಲ. ರಂಗಿ ಆಂಟಿಗೆ ಮೀನೆಂದರೆ ಪ್ರಾಣ. ಮನೆಯಲ್ಲಿದ್ದ ಅತಿ ಒಳ್ಳೆಯ ಪದಾರ್ಥವೇ ಅವಳಿಗೆ ಹೋಗಬೇಕು.

ಸೋಮವಾರ ಬೆಳಿಗ್ಗೆ ಮೀನು ಶುಚಿ ಮಾಡಲು ಕುಳಿತಳು. ಬೆನ್ನಿನ ಮುಳ್ಳು ಸೂಜಿಯಂತಿತ್ತು, ಹುರುಪೆ ಚರ್ಮಕ್ಕೆ ಹೊಲಿದಂತಿತ್ತು. ಉಪ್ಪು ಅರಿಶಿನ ಹಚ್ಚಿ ತೊಳೆದಳು, ಮಜ್ಜಿಗೆಯಲ್ಲಿ ನೆನೆಸಿ ತೊಳೆದಳು, ನಿಂಬೆಹಣ್ಣು ಹಿಂಡಿ ತೊಳೆದಳು. ಕೆಸರಿನ ವಾಸನೆ ಹೋಗಲೊಲ್ಲದು. ಹುರಿದ ಒಣಕೊಬ್ಬರಿ, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ ಅರೆದು, ಹುಣಸೆ ಹುಳಿ ಬಿಟ್ಟು ಕುದಿಸಿದಾಗ ಎಂಥ ವಾಸನೆಯೂ ಅಡಗಲೇಬೇಕು. ಆದರೆ ಕುದಿಯುವ ಸಾರಿನಿಂದ ಮೊದಲು ಬಂದದ್ದು ಆ ತಣ್ಣನೆಯ ಹೊಳೆಯ ವಾಸನೆಯೇ. ಕಿಟಕಿ ತೆರೆದರೂ ಅದು ಹೊರಗೆ ಹೋಗದೆ ಅವಳ ಸುತ್ತಲೇ ಸುಳಿಯಿತು. ರುಚಿ ನೋಡಲೆಂದು ಒಂದು ತುಂಡು ತಿಂದಳು. ಹಾಳು ನಾಲಿಗೆ, ಇನ್ನೊಂದು ಕೇಳಿತು. ಅಂಥ ಸವಿಯ ಮೀನನ್ನು ಅವಳು ಹರಿಹರದಲ್ಲೂ ತಿಂದಿರಲಿಲ್ಲ.

ಪಾತ್ರೆಗೆ ಬಟ್ಟೆ ಕಟ್ಟಿ ಒಯ್ದು, ಅಡುಗೆಮನೆಯಲ್ಲಿದ್ದ ಹೆಂಗಸಿನ ಕೈಗೆ ಕೊಟ್ಟಳು. "ಇದು ರಂಗಿ ಆಂಟಿಗೇ," ಎಂದು ಒತ್ತಿ ಹೇಳಿದಳು. ಆ ಮನೆಗೆ ಬಂದವರಿಗೆಲ್ಲ ಚಹಾ ಆಗಬೇಕಲ್ಲ, ಹಾಲು ತಂದುಕೊಡೋಣವೆಂದು ಬೀದಿಯ ತುದಿಯ ಡೇರಿಗೆ ನಡೆದಳು. ಆ ಮೂಲೆಯಂಗಡಿಯ ಜಯಂತಭಾಯಿ ಗುಜರಾತಿ. ಊರಿನ ಸುದ್ದಿಯೆಲ್ಲ ಹಾಲಿನ ಜೊತೆ ಅವನಲ್ಲಿ ಸಿಗುತ್ತಿತ್ತು.

"ಪಾಪ, ಹೆಣ ಕೂಡ ಸಿಕ್ಕಿಲ್ಲವಂತೆ," ಎಂದ ಅವನು.

"ಕಾರಿನಲ್ಲಿ ಹೋದವನ ಹೆಣ ಸಿಗದೆ ಎಲ್ಲಿಗೆ ಹೋಗುತ್ತೆ?"

"ಯಾವ ಕಾರು? ಶನಿವಾರ ವೈಕಾಟೋ ನದಿಯಲ್ಲಿ ಈಜಲು ಇಳಿದ, ಮುಳುಗಿದ. ಪೊಲೀಸರು ಸೇತುವೆ ಹತ್ತಿರ ಹುಡುಕುತ್ತಿದ್ದಾರೆ. ಇವರ ಹಿರಿಯರು ನದಿಗೆ ರಾಹುಯಿ ಹಾಕಿದ್ದಾರೆ. ಹೆಣ ಸಿಗೋವರೆಗೆ ಆ ನೀರಿನ ಮೀನು ಯಾರೂ ಹಿಡಿಯೋ ಹಾಗಿಲ್ಲ, ತಿನ್ನೋ ಹಾಗಿಲ್ಲ."

ಯಾಕೆ ಎಂದು ಮೆಹ್ನಾಜಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತುಂಗಭದ್ರೆ ಯಾರನ್ನಾದರೂ ಎಳೆದುಕೊಂಡರೆ ಅವರ ಓಣಿಯಲ್ಲೂ ಮೀನಿನ ಬುಟ್ಟಿ ಬರುತ್ತಿರಲಿಲ್ಲ. ಜಯಂತಭಾಯಿಯ ಫೋನಿನಿಂದಲೇ ಗಂಡನ ಗ್ಯಾರೇಜಿಗೆ ಫೋನ್ ಮಾಡಿದಳು.

"ಯಾವ ಹೊಳಿ ಮೀನ್ರೀ ಅವು?"

"ವೈಕಾಟೋ. ಸೇತುವಿಂದ ಬಾಳ ಕೆಳಗ, ಒಬ್ಬ ಗಿರಾಕಿ ಹೊಲದ ಹಿಂದ. ಯಾಕ?"

"ಹೆಂಗ್ ಸಿಕ್ವು? ಖರೇ ಹೇಳ್ರಿ."

"ನಿನ್ನೆ ಹೇಳಾಕ ಮನಸಾಗ್ಲಿಲ್ಲ. ಗಾಳ ಹಾಕ್ಲೇ ಇಲ್ಲ ನಾ. ದಂಡ್ಯಾಗ ಒಂದು ವಿಲೋ ಮರ ನೀರಿಗೆ ಬಿದ್ದೈತಿ. ಅದರ ಬುಡಕ್ಕ ಮಾರಿ ಮಾಡಿ, ನಮಾಜಿಗೆ ನಿಂತಂಗ ಸಾಲಾಗಿ ನಿಂತಿದ್ವು. ಬಲೀಲೆ ಎತ್ತಿದ್ರೂ ಉಳಿದವು ಅಳ್ಳಾಡ್ಲಿಲ್ಲ. ಅಂಜಿಕಿ ಆಗಿ ಎದ್ದು ಬಂದೆ."

ಹಾಲು ಅಲ್ಲೇ ಬಿಟ್ಟು ಓಡಿದಳು. ಮೆಹ್ನಾಜ್ ಓಡಿದ್ದನ್ನು ಆ ಬೀದಿ ಅಲ್ಲಿಯವರೆಗೆ ಕಂಡಿರಲಿಲ್ಲ. ಯಾ ಅಲ್ಲಾ, ಅವಳ ಬಾಯಿಗೆ ಮಾತ್ರ ಹೋಗದಿರಲಿ, ಬೇರೆ ಏನು ಬೇಕಾದರೂ ಆಗಲಿ. ಸುಳ್ಳು ಹೇಳಿ ಪಾತ್ರೆ ವಾಪಸ್ಸು ತರಬಹುದೇ ಎಂದೂ ಯೋಚಿಸಿದಳು, ಉಪ್ಪು ಜಾಸ್ತಿಯಾಗಿದೆ ಎಂದೋ ಏನೋ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮುಂದಿನ ಕೋಣೆಯಲ್ಲಿ ರಂಗಿ ಆಂಟಿ ಕುರ್ಚಿಯಲ್ಲಿದ್ದಳು. ತಲೆಗೆ ಶೋಕದ ಹಸಿರೆಲೆಯ ಸುತ್ತು, ತೊಡೆಯ ಮೇಲೆ ತಟ್ಟೆ. ಸಾವಿನ ಸುದ್ದಿ ಬಂದಾಗಿನಿಂದ ಏನನ್ನೂ ಮುಟ್ಟದವಳು ಈ ಹುಡುಗಿ ಕಳಿಸಿದ್ದೆಂದು ಒಪ್ಪಿದ್ದಾಳೆ ಎಂದು ಯಾರೋ ಪಿಸುಗುಟ್ಟಿದರು. ಅವಳ ಬೆರಳುಗಳಲ್ಲಿ ಮೀನಿನ ತುಂಡಿತ್ತು, ತುಟಿಯ ಹತ್ತಿರಕ್ಕೆ ಬಂದಿತ್ತು.

ಮೆಹ್ನಾಜ್ ಆ ಕೈಯನ್ನು ಹೊಡೆದಳು. ತುಂಡು ಕಂಬಳಿಯ ಮೇಲೆ ಬಿತ್ತು.

ಆಂಟಿಯ ಮಗ ವಿರೇಮು ಬಾಗಿಲಿನಷ್ಟು ಅಗಲದ ಆಳು, ಎದ್ದು ನಿಂತ. ಮೆಹ್ನಾಜ್ ನೆಲದ ಮೇಲೆ ಕುಳಿತು, ತನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ನದಿ, ವಿಲೋ ಮರ, ಸಾಲಾಗಿ ನಿಂತ ಮೀನು. ಹಿಂದಿನಿಂದ ಒಬ್ಬ ಹೆಂಗಸು ಬಾಯಿ ಮುಚ್ಚಿಕೊಂಡು ಹೊರಗೋಡಿದಳು.

ಬೈಯಲಿ, ಹೊಡೆಯಲಿ ಎಂದು ಮೆಹ್ನಾಜ್ ಕಾದಳು. ಮುದುಕಿ ತಟ್ಟೆಯನ್ನು ಬದಿಗಿಟ್ಟು, ಬೆರಳುಗಳನ್ನು ನಿಧಾನವಾಗಿ ಒರೆಸಿಕೊಂಡಳು.

"ಬುಡಕ್ಕೆ ಮುಖ ಮಾಡಿದ್ದವಾ?" ಎಂದು ಕೇಳಿದಳು. "ಎಲ್ಲವೂ?"

"ಎಲ್ಲವೂ."

ರಂಗಿ ಆಂಟಿ ಮಗನತ್ತ ತಿರುಗಿ ತಮ್ಮ ಭಾಷೆಯಲ್ಲಿ ಎರಡು ಮಾತಾಡಿದಳು. ವಿರೇಮು ತನ್ನ ಪಿಕಪ್ ಗಾಡಿ ಹತ್ತಿದ, ಜೊತೆಗೆ ನಾಲ್ಕೈದು ಗಂಡಸರು. ದಾರಿಯಲ್ಲಿ ಗ್ಯಾರೇಜಿನಿಂದ ಇಕ್ರಾಮನನ್ನೂ ಹತ್ತಿಸಿಕೊಂಡು ನದಿಯ ಕಡೆ ಹೋದರು. ಇಬ್ಬರು ಮುದುಕರು ಪಾತ್ರೆಯನ್ನು ಹಿತ್ತಲಿಗೆ ಒಯ್ದು, ಏನೋ ಹೇಳಿಕೊಳ್ಳುತ್ತ ಆಳದ ಗುಂಡಿ ತೋಡಿ, ಪಾತ್ರೆ ಸಮೇತ ಹೂತರು. ಹೆಂಗಸರು ಒಬ್ಬೊಬ್ಬರಾಗಿ ಗೋಡೆಯ ಕಡೆ ಸರಿದರು. ನಡುವೆ ಕುರ್ಚಿಯಲ್ಲಿ ಮುದುಕಿ, ಅವಳ ಕಾಲ ಬಳಿ ಮೆಹ್ನಾಜ್. ಆ ಹೊಳೆಯ ವಾಸನೆ ಕೋಣೆ ಬಿಟ್ಟು ಹೋಗಿರಲಿಲ್ಲ. ಪಾತ್ರೆ ಮಣ್ಣಿನೊಳಗೆ ಹೋದ ಮೇಲೂ ಇದು ಎಲ್ಲಿಂದ ಬರುತ್ತಿದೆ ಎಂದು ಮೆಹ್ನಾಜ್ ಆಚೀಚೆ ನೋಡಿದಳು. ತನ್ನ ಉಸಿರಿನಿಂದ ಬರುತ್ತಿತ್ತು.

ಮುದುಕಿಗೂ ಅದು ಗೊತ್ತಾಗಿರಬೇಕು. ಬಗ್ಗಿ ಕೇಳಿದಳು, "ನೀನು ತಿಂದೆಯಾ, ಮಗಳೇ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ತಿಂದೆ."

ರಂಗಿ ಆಂಟಿ ಕುರ್ಚಿಯಿಂದ ಇಳಿದು, ಎದುರಿಗೆ ಮಂಡಿಯೂರಿ ಕುಳಿತಳು. ಒಣಗಿದ ಅಗಲವಾದ ಅಂಗೈಯನ್ನು ಮೆಹ್ನಾಜಳ ಹೊಟ್ಟೆಯ ಮೇಲಿಟ್ಟಳು. ಗೋಡೆಯ ಬಳಿಯಿದ್ದ ಹೆಂಗಸರಲ್ಲಿ ಒಬ್ಬಳು ಬೇಡವೆಂಬಂತೆ ಕೂಗಿದಳು. ಮುದುಕಿ ಕಿವಿಗೊಡಲಿಲ್ಲ. ತಲೆ ಬಗ್ಗಿಸಿ, ಆ ಕೈಯ ಕೆಳಗೆ, ತನ್ನ ಭಾಷೆಯಲ್ಲಿ ಮೆಲ್ಲಗೆ ಮಾತಾಡತೊಡಗಿದಳು. ಶಾಲೆಯಿಂದ ತಡವಾಗಿ ಬಂದ ಹುಡುಗನನ್ನು ಕೂರಿಸಿಕೊಂಡು ಕೇಳುವ ದನಿ ಅದು, ಸ್ವಲ್ಪ ಗದರಿಕೆ, ಸ್ವಲ್ಪ ನಗು. ಆ ಮಾತುಗಳಲ್ಲಿ ಮೆಹ್ನಾಜಳಿಗೆ ಗೊತ್ತಾದದ್ದು ತಾಮಾ ಎಂಬ ಹೆಸರೊಂದೇ. ಪ್ರತಿ ಸಲ ಆ ಹೆಸರು ಬಂದಾಗಲೂ ಅಂಗೈಯ ಕೆಳಗೆ ಏನೋ ತಣ್ಣಗೆ ಹೊರಳಿದಂತಾಗುತ್ತಿತ್ತು. ಭಯಕ್ಕೆ ಅವಳು ಅತ್ತಳು, ಆದರೆ ಆ ಕೈಯನ್ನು ತಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಎಷ್ಟು ಹೊತ್ತು ಹಾಗೆ ಕುಳಿತಿದ್ದರೋ. ಒಳಕೋಣೆಯಲ್ಲಿ ಫೋನು ಬಡಿದುಕೊಂಡಿತು. ಯಾರೋ ಎತ್ತಿದರು, ಕೇಳಿದರು, ಗೋಳಿಡುತ್ತ ಬಾಗಿಲಿಗೆ ಬಂದರು. "ಸಿಕ್ಕಿದ, ಅಜ್ಜಿ! ಮರದ ಬುಡದಲ್ಲೇ ಇದ್ದಾನಂತೆ! ಬಾ, ವಿರೇಮು ಫೋನಿನಲ್ಲಿದ್ದಾನೆ!"

ಅಜ್ಜಿ ತಲೆಯೆತ್ತಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

"ಕಾಯಲಿಕ್ಕೆ ಹೇಳು," ಎಂದಳು. "ನಾವಿನ್ನೂ ಮಾತಾಡುತ್ತಿದ್ದೇವೆ."