ಎಡ್ನಾ ಚಿಕ್ಕಮ್ಮನಿಗೆ ತೋಡಿದ ಗುಂಡಿ

ನೀರು ಆರುತ್ತಿದೆ, ಮೊಣಕೈಗೆ ಗೊತ್ತಾಗುತ್ತಿದೆ, ಇನ್ನೊಂದು ಕೆಟಲ್ ಬಿಸಿನೀರು ಸುರಿಯಬೇಕು, ಆದರೆ ಕೈಬಿಟ್ಟರೆ ಕೋಳಿ ಹಾರೀತು — ಹಾರುವುದೇನು ಬಂತು, ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಎದೆಮಟ್ಟ ಉಪ್ಪುನೀರಿನಲ್ಲಿ ಕೂತ ಎಡ್ನಾ ಚಿಕ್ಕಮ್ಮನಿಗೆ ಕಣ್ಣು ಬಿಡುವುದಕ್ಕೂ ತ್ರಾಣವಿಲ್ಲ, ಜುಟ್ಟು ಬಿಳಿಚಿಕೊಂಡು ಒಂದು ಕಡೆ ಜೋತಿದೆ, ಹೊಟ್ಟೆಯೊಳಗೆಲ್ಲೋ ಮೊಟ್ಟೆಯೊಂದು ಸಿಕ್ಕಿಕೊಂಡು ಹಟಮಾಡುತ್ತಿದೆ. ಕುರಿಯಾಗಿದ್ದರೆ ಮರ್ವ್‌ಗೆ ಚಿಂತೆಯಿರಲಿಲ್ಲ, ಮೊಣಕಾಲ ನಡುವೆ ಸಿಕ್ಕಿಸಿಕೊಂಡರೆ ಸುಮ್ಮನಾಗುತ್ತದೆ, ಟಾಸ್ಮೇನಿಯಾದ ಅರ್ಧ ಕುರಿಗಳ ಉಣ್ಣೆ ಕತ್ತರಿಸಿದ ಕೈ ಇದು, ಈಗ ನೋಡಿದರೆ ಒಂದು ಬೋಳು ಕೋಳಿಗೆ ಬಾಣಂತಿ ಸ್ನಾನ ಮಾಡಿಸುತ್ತಿದೆ! ಎಲ್ಲ ಹೆಂಡತಿ ಬೆರಿಲ್ ಮಾಡಿದ್ದು, ಫಾರಂನವರು ಮೊಟ್ಟೆ ಕಡಿಮೆಯಾಯಿತೆಂದು ಕಡಿಯಲು ಕಳಿಸಲಿದ್ದ ಮೂರು ಕೋಳಿಗಳನ್ನು ಬಿಡಿಸಿಕೊಂಡು ಬಂದಳು, ತೀರಿಹೋದ ತನ್ನ ಚಿಕ್ಕಮ್ಮಂದಿರ ಹೆಸರಿಟ್ಟಳು, ಥೆಲ್ಮಾ, ವೆರಾ, ಎಡ್ನಾ — ಆ ನಿಜವಾದ ಎಡ್ನಾ ಮದುವೆಯ ದಿನ ಮರ್ವ್‌ನ ಬೂಟು ನೋಡಿ, ಹುಡುಗ ಕುರಿ ವಾಸ್ನೆ ಹೊಡೀತಾನಲ್ಲೇ ಅಂದಿದ್ದಳು, ಈ ಎಡ್ನಾಳದ್ದೂ ಅದೇ ನೋಟ. ಬಂದ ದಿನ ಬೆರಿಲ್ ಅಡುಗೆಮನೆಯ ಮೇಜಿನ ಮೇಲೆ ಇದರ ರೆಕ್ಕೆಯೊಂದನ್ನು ಬಿಡಿಸಿ ತೋರಿಸಿದ್ದಳು, ಪುಕ್ಕ ಉದುರಿ ಬರೀ ಕಡ್ಡಿ, ನೋಡಿಲ್ಲಿ ಮರ್ವ್, ಆ ಗೂಡಲ್ಲಿ ಒಂದು ರೆಕ್ಕೆ ಬಿಚ್ಚೋಕೂ ಜಾಗ ಇರ್ಲಿಲ್ವಂತೆ, ಹುಟ್ಟಿದಾಗಿಂದ. ಕೈಬಿಟ್ಟದ್ದೇ ರೆಕ್ಕೆ ಪಟ್ಟನೆ ಮಡಚಿಕೊಂಡಿತು. ಥೆಲ್ಮಾ, ವೆರಾ ಎರಡೂ ಒಂದೇ ವಾರದಲ್ಲಿ ಅಂಗಳದ ತುಂಬ ರೆಕ್ಕೆ ಬಡಿದವು, ಎಡ್ನಾ ಮಾತ್ರ ಇವತ್ತಿಗೂ ಕಂಕುಳಲ್ಲಿ ಪರ್ಸ್ ಸಿಕ್ಕಿಸಿಕೊಂಡವಳ ಹಾಗೆ ನಡೆಯುತ್ತಾಳೆ. ಅವ್ಳು ಬಿಚ್ಚೋದನ್ನ ನೋಡ್ಬೇಕು ನಂಗೆ, ಎಂದು ಬೆರಿಲ್ ಮಂಡಿ ಆಪರೇಷನ್ನಿಗೆ ಹೊರಟಾಗಲೂ ಕಾರಿನ ಕಿಟಕಿಯಿಂದ ಹೇಳಿದ್ದಳು, ಒಂದು ಸತ್ರೂ ಫೋನಲ್ಲಿ ಹೇಳ್ಬೇಡ, ನಾ ಬಂದ್ಮೇಲೆ ಮುಖ ನೋಡ್ಕೊಂಡು ಹೇಳು. ಬರುವುದು ಇವತ್ತೇ, ಮಧ್ಯಾಹ್ನ ಅವಳ ತಂಗಿ ಕರೆತರುತ್ತಾಳೆ, ಮುಖ ನೋಡಿಕೊಂಡು ಹೇಳುವುದಂತೆ, ಆ ಮುಖಕ್ಕೆ! — ಏನಪ್ಪಾ ಮರ್ವ್, ಸೂಪಿಗೆ ಈರುಳ್ಳಿ ತರ್ಲಾ, ಪಕ್ಕದ ಮನೆಯ ಲಾಯಿಡ್ ಕಿಟಕಿಯಲ್ಲಿ ಹಲ್ಲು ಕಿರಿಯುತ್ತಿದ್ದಾನೆ, ಮುಚ್ಕೊಂಡು ಹೋಗೋ, ಅಷ್ಟರಲ್ಲಿ ಅಂಗೈಗೆ ಏನೋ ಮೆತ್ತಗೆ ಜಾರಿತು, ಚಿಪ್ಪಿಲ್ಲದ ಮೊಟ್ಟೆ, ನೀರು ತುಂಬಿದ ಬಲೂನಿನಷ್ಟು ಮೆತ್ತಗೆ, ಬಂತು ಕಣೋ ಲಾಯಿಡ್, ಬಂತು, ಮೊಮ್ಮಗು ಹುಟ್ಟಿದಾಗಲೂ ಮರ್ವ್ ಹೀಗೆ ಕೂಗಿರಲಿಲ್ಲ.

ಬೆರಿಲ್‌ಳ ಹೇರ್ ಡ್ರೈಯರಿನಲ್ಲಿ ಒಣಗಿಸಿ, ಹುಲ್ಲಿನ ಮೇಲೆ ಬಿಸಿಲಿಗೆ ಬಿಟ್ಟು, ಒಂದು ಟೀ ಕುಡಿಯುವಷ್ಟು ದುಡಿದಾಯಿತೆಂದು ಒಳಗೆ ಕೆಟಲ್ ಇಟ್ಟು ಕಿಟಕಿಯಿಂದ ನೋಡಿದರೆ — ಎಡ್ನಾ ಮಗ್ಗುಲಾಗಿ ಬಿದ್ದಿದ್ದಾಳೆ. ಕಾಲು ಹಿಂದಕ್ಕೆ ಸೆಟೆದಿದೆ, ಕುತ್ತಿಗೆ ವಾಲಿದೆ, ಕಣ್ಣು ಮುಚ್ಚಿದೆ, ಒಂದು ರೆಕ್ಕೆ ಹುಲ್ಲಿನ ಮೇಲೆ ಉದ್ದಕ್ಕೂ ಹರಡಿದೆ. ಅಯ್ಯೋ, ಕೊನೆಗೂ ಬಿಚ್ಚಿದೆಯಾ, ಸತ್ತ ಮೇಲೆ ಬಿಚ್ಚಿದೆಯಾ, ಬಿಸಿ ಹೆಚ್ಚಾಯಿತೋ ಏನೋ, ಕೈ ಬಿಗಿಯಾಯಿತೋ ಏನೋ, ಹತ್ತಿರ ಹೋಗಿ ಮುಟ್ಟಲು ಮನಸ್ಸಾಗಲಿಲ್ಲ, ಸಲಿಕೆ ತಂದು ನಿಂಬೆಗಿಡದ ಬುಡದಲ್ಲಿ ಅಗೆಯತೊಡಗಿದ, ಅವಳಿಗೆ ಹೇಗೆ ಹೇಳುವುದು, ಬೆರಿಲ್, ಒಂದ್ ಮಾತು ಹೇಳ್ಬೇಕು — ಬೇಡ, ಬೆರಿಲ್, ಮೊದ್ಲು ಕೂತ್ಕೋ — ಕೂತ್ಕೋ ಅಂದರೇ ಗೊತ್ತಾಗಿಬಿಡುತ್ತದೆ, ಥೂ, ಕೋಳಿಗೋಸ್ಕರ ಗುಂಡಿ ತೋಡುವುದೆಂದರೇನು, ಎಷ್ಟು ಕೋಳಿಗಳ ಕತ್ತು ಮುರಿದಿಲ್ಲ ಇದೇ ಕೈ, ಆದರೆ ಅವಕ್ಕೆ ಹೆಸರಿರಲಿಲ್ಲ, ಅವನ್ನು ನೀರಿನಲ್ಲಿ ಎತ್ತಿ ಹಿಡಿದಿರಲಿಲ್ಲ. ಬೇಲಿಯಾಚೆ ಲಾಯಿಡ್ ನಿಂತಿದ್ದಾನೆ, ಈ ಸಲ ಸೂಪಿನ ಮಾತಿಲ್ಲ, ಟೋಪಿ ತೆಗೆದು ಎದೆಗಿಟ್ಟುಕೊಂಡಿದ್ದಾನೆ, ಪಾಪ ಮಾರಾಯಾ, ಒಳ್ಳೇ ಹೆಂಗಸು.

ಒಳ್ಳೆಯ ಟವೆಲ್ಲನ್ನೇ ತಂದ, ಸುತ್ತಿ ಎತ್ತಲೆಂದು ಬಗ್ಗಿದ, ಕಿತ್ತಳೆ ಬಣ್ಣದ ಕಣ್ಣೊಂದು ಟಕ್ಕನೆ ತೆರೆದು ಅವನ ಬೂಟು ನೋಡಿತು. ಅದೇ ನೋಟ! ಎಡ್ನಾ ಎದ್ದಳು, ಮೈ ಕೊಡವಿದಳು, ನಿದ್ದೆ ಕೆಡಿಸಿದ್ದಕ್ಕೆ ಕೊಕ್ ಕೊಕ್ ಎಂದು ಬೈದಳು, ನೇರವಾಗಿ ನಿಂಬೆಗಿಡದ ಬಳಿ ನಡೆದು ತನ್ನ ಗುಂಡಿಗೆ ತಾನೇ ಇಳಿದಳು. ಬಿಸ್ಲು ಕಾಯಿಸ್ಕೋತಿದ್ಲು ಕಣೋ ಬೆಪ್ಪೇ, ಲಾಯಿಡ್ ಬೇಲಿ ಹಿಡಿದು ಬಿದ್ದು ಬಿದ್ದು ನಗುತ್ತಿದ್ದಾನೆ, ಎಲಾ ಇವನ, ಟೋಪಿ ತೆಗೆದವನು ಯಾರು, ಗುಂಡಿಯೊಳಗೆ ಎಡ್ನಾ ಕಾಲಿನಿಂದ ಕೆರೆಯುತ್ತಾಳೆ, ಹಸಿಮಣ್ಣನ್ನು ಬೆನ್ನ ಮೇಲೆ ಎರಚಿಕೊಳ್ಳುತ್ತಾಳೆ, ಥೆಲ್ಮಾ, ವೆರಾ ಜಾಗ ಕೇಳಿಕೊಂಡು ಓಡಿಬರುತ್ತಿವೆ, ಗೇಟಿನಾಚೆ ಕಾರು ನಿಂತ ಸದ್ದು, ಊರುಗೋಲಿನ ಸದ್ದು, ಮರ್ವ್, ಎಲ್ಲಿದೀಯಾ, ಎಲ್ರೂ ಇದಾರಾ, ಹೋಗಿ ಗೇಟು ತೆಗೆಯಬೇಕು, ಒಳಗೆ ಕೆಟಲ್ ಕೂಗುತ್ತಿದೆ, ಮುಖ ನೋಡಿಕೊಂಡು ಹೇಳಬೇಕು, ಬೇಗ ಬಾ ಬೆರಿಲ್, ಏನೋ ಹೇಳುವುದಿತ್ತು, ಏನದು, ಗುಂಡಿಯಿಂದ ಕಣ್ಣು ಕೀಳಲಾಗುತ್ತಿಲ್ಲ, ಮಣ್ಣು, ಬಿಸಿಲು, ಕಡ್ಡಿಯ ಮೇಲೆ ಈಗಷ್ಟೇ ಮೂಡುತ್ತಿರುವ ಕಂದು ಪುಕ್ಕ — ಎಡ್ನಾಳ ರೆಕ್ಕೆ, ಗುಂಡಿಯ ಅಂಚಿನಾಚೆಗೂ ಚಾಚಿದ, ಪೂರ್ತಿ ಬಿಚ್ಚಿದ ಆ ಒಂದು ರೆಕ್ಕೆ