ಥರ್ಮನ್ ಪ್ರುಸಾಕ್‌ನ ಹದಿನಾಲ್ಕನೆಯ ಸೀಸನ್

ಥರ್ಮನ್ ಪ್ರುಸಾಕ್ ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ. ಮೂವತ್ತೇಳಕ್ಕೇ ಸವೆದುಹೋದ ಮಂಡಿಗಳನ್ನು ನಂಬಲಾರದೆ, ಎರಡೂ ಕೈಗಳಿಂದ ಕಂಬಿ ಹಿಡಿದು, ಏಣಿ ಇಳಿಯುವವನಂತೆ ಒಂದೊಂದೇ ಹೆಜ್ಜೆಯನ್ನು ಹಿಂದಕ್ಕಿಡುತ್ತಿದ್ದ; ಆ ಮಹಾಕಾಯ ನೆಲ ಮುಟ್ಟುವವರೆಗೆ ಇಡೀ ತಂಡ ಮೇಲೆ ಕಾದು ನಿಂತಿರುತ್ತಿತ್ತು.

ಒಂಬತ್ತು ವರ್ಷ ಪ್ರತಿ ಪಂದ್ಯಕ್ಕೆ ಮುನ್ನ ಅವನ ಕಾಲಿಗೂ ಬೆರಳುಗಳಿಗೂ ಪಟ್ಟಿ ಸುತ್ತಿದವನು ತಂಡದ ಫಿಸಿಯೋ ಆದ ನಾನು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸಾಲಿನ ನಟ್ಟನಡುವೆ ಬಾಗಿ, ಚೆಂಡನ್ನು ಕಾಲುಗಳ ಸಂದಿಯಿಂದ ಹಿಂದೆ ನಿಂತು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ದಾಟಿಸಿ, ಮರುಕ್ಷಣವೇ ಎದುರಾಳಿಯ ನೂರೈವತ್ತು ಕಿಲೋ ದೇಹವನ್ನು ಎದೆಯೊಡ್ಡಿ ತಡೆಯುವುದು ಅವನ ಕೆಲಸ. ಈರಿ ಸರೋವರದ ದಂಡೆಯ ನಮ್ಮ ತಂಡಕ್ಕಾಗಿ ಹದಿಮೂರು ವರ್ಷ ಹೀಗೆ ಬಾಗಿದ್ದ. ಹದಿಮೂರು ವರ್ಷವೂ ನಾವು ಅಂಕಪಟ್ಟಿಯ ಕೆಳಗೇ ಇದ್ದೆವು. ಬೇಸಿಗೆಯಲ್ಲೂ ಅವನ ಮೈಮೇಲೆ ಅದೇ ಕಂದು ಕೋಟು. ಯಾರು ಏನು ಕೇಳಿದರೂ ಒಂದೇ ಉತ್ತರ: "ನಡೀತದೆ ಬಿಡು."

ಹದಿನಾಲ್ಕನೆಯ ವರ್ಷ ಹದಿನೇಳರಲ್ಲಿ ಹದಿನಾಲ್ಕು ಪಂದ್ಯ ಗೆದ್ದೆವು. ಊರಿನ ಬೇಕರಿಯವರು ಬ್ರೆಡ್ಡಿಗೂ ತಂಡದ ನೀಲಿ ಬಳಿದರು. ಪಾದ್ರಿಗಳು ಪಂದ್ಯಕ್ಕೆ ತಡವಾಗದಂತೆ ಭಾನುವಾರದ ಪ್ರವಚನವನ್ನು ಮೊಟಕುಗೊಳಿಸಿದರು. ಗೆದ್ದಷ್ಟೂ ಸೀಸನ್ ಉದ್ದವಾಗುತ್ತದೆ, ಉದ್ದವಾದಷ್ಟೂ ಮೈ ಮುರಿಯುತ್ತದೆ ಎಂಬುದು ನನ್ನ ಮೇಜಿನ ಮೇಲೆ ಮಲಗುವವರಿಗೆ ಮಾತ್ರ ತಿಳಿದಿತ್ತು.

ಅಂತಿಮ ಪಂದ್ಯಕ್ಕೆ ನಾಲ್ಕು ದಿನವಿತ್ತು. ಅವನ ಕಣ್ಣು ಮುಚ್ಚಿಸಿ ಎಡಗೈ ಪರೀಕ್ಷಿಸುತ್ತಿದ್ದೆ.

"ಈಗ ಯಾವ ಬೆರಳು ಮುಟ್ಟಿದೀನಿ ಹೇಳು?"

"ನಡುಬೆರಳು."

"ನಾನು ಕೈ ತೆಗೆದು ಆಗ್ಲೇ ಎಷ್ಟು ಹೊತ್ತಾಯ್ತು ಮಾರಾಯ!"

ಅವನು ಕಣ್ಣು ತೆರೆಯಲಿಲ್ಲ. "ಇನ್ನೊಂದೇ ಆಟ. ಯಾರಿಗೂ ಹೇಳ್ಬೇಡ."

ನಾನು ಹೇಳಲಿಲ್ಲ. ಅದು ತಪ್ಪೆಂದು ಅಂದೇ ಗೊತ್ತಿತ್ತು.

ಶುಕ್ರವಾರದ ಅಭ್ಯಾಸದಲ್ಲಿ ಎದುರಿನವನು ಅವನ ಮರಗಟ್ಟಿದ ಕೈಯನ್ನು ಸರಿಸಿ ನುಗ್ಗಿ, ನಮ್ಮ ಕ್ವಾರ್ಟರ್‌ಬ್ಯಾಕ್ ಟೆವಿನ್‌ನ ಬೆನ್ನಿಗೆ ಗೇಣಳತೆಯಲ್ಲಿ ನಿಂತ, ಅಭ್ಯಾಸವಾದ್ದರಿಂದ ಕೆಡವಲಿಲ್ಲ.

"ಏನ್ ತಾತಾ, ನಿದ್ದೆ ಬಂತಾ?" ಎಂದು ಟೆವಿನ್ ನಕ್ಕ. ಥರ್ಮನ್ ನಗಲಿಲ್ಲ. ಶಿರಸ್ತ್ರಾಣ ಕಳಚಿ, ನೇರ ಕೋಚ್ ಬಳಿಗೆ ನಡೆದ.

"ಭಾನುವಾರ ನನ್ನ ಇಳಿಸ್ಬೇಡಿ, ಕೋಚ್. ಕೈಗೆ ಸ್ಪರ್ಶಾನೇ ಇಲ್ಲ. ಟೆವಿನ್ ಬೆನ್ನು ನನ್ನ ಕೈಲಿ ಉಳಿಯಲ್ಲ."

"ಇದಕ್ಕೇ ಹದಿನಾಲ್ಕು ವರ್ಷ ಕಾದೆಯಲ್ಲೋ!"

"ಹೌದು. ಕಾದು ಕಾದು ಸಾಕಾಯ್ತು."

ಭಾನುವಾರ ಅವನ ಜಾಗದಲ್ಲಿ ಬೇರೊಬ್ಬ ಬಾಗಿದ, ಟೆವಿನ್‌ನ ಅಂಗಿಗೆ ಮಣ್ಣೂ ಅಂಟಲಿಲ್ಲ, ನಾವು ಗೆದ್ದೆವು. ಎಲ್ಲರೂ ಮೈದಾನಕ್ಕೆ ನುಗ್ಗಿದಾಗ ಅವನೊಬ್ಬ ಬೆಂಚಿನ ಮೇಲೆ ಕುಳಿತೇ ಇದ್ದ.

"ಖುಷಿ ಆಗ್ಲಿಲ್ವಾ?" ಎಂದೆ.

"ಆಗಿದೆ. ಎದ್ದು ತೋರಿಸೋಕೆ ಆಗ್ತಿಲ್ಲ, ಅಷ್ಟೆ."

ಗೆದ್ದ ಪ್ರತಿಯೊಂದು ತಂಡದಲ್ಲೂ ಇಂಥವರಿರುತ್ತಾರೆ: ಇನ್ನೊಬ್ಬನ ಮೇಲೆ ಬೀಳಬೇಕಾದ ಪೆಟ್ಟನ್ನು ವರ್ಷಾನುವರ್ಷ ತಮ್ಮ ಮೈಮೇಲೆ ಹೊತ್ತುಕೊಂಡವರು. ಜಯಘೋಷ ಮೊಳಗುವ ಹೊತ್ತಿಗೆ ಹಿಗ್ಗುವಷ್ಟು ತ್ರಾಣವೂ ಅವರಲ್ಲಿ ಉಳಿದಿರುವುದಿಲ್ಲ. ಅವರ ಪಾಲಿನದನ್ನೂ ಸೇರಿಸಿ ನಾವೇ ಕೂಗಿಬಿಡುತ್ತೇವೆ.